ವಾರ್ಡು ನಮ್ಮದು, ಠರಾವು ಯಾರದು?

(ನಗರಸಭೆ ಚುನಾವಣೆ ಕುರಿತು ವಿದ್ಯಾರ್ಥಿ ನಿಲಯವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)

ದಿಲ್ಲಿ ಚುನಾವಣೆ ಬಂದರೆ ನಮ್ಮ ಹಾಸ್ಟೆಲುಗಳಲ್ಲಿ ರಾತ್ರಿ ಹನ್ನೊಂದಾದರೂ ಚರ್ಚೆ ನಿಲ್ಲೋದಿಲ್ಲ. ಯಾವ ರಾಜ್ಯದಲ್ಲಿ ಯಾರಿಗೆ ಎಷ್ಟು ಸೀಟು ಅಂತ ಬೆರಳ ತುದಿಯಲ್ಲಿ ಲೆಕ್ಕ ಇರುತ್ತೆ. ಸರಿ, ಈಗ ಒಂದು ಸಣ್ಣ ಪ್ರಶ್ನೆ. ಈ ಹಾಸ್ಟೆಲು ಇರುವ ವಾರ್ಡಿನ ನಂಬರು ಎಷ್ಟು? ಇಲ್ಲಿಂದ ಕಳೆದ ಸಲ ಗೆದ್ದ ಸದಸ್ಯರ ಹೆಸರೇನು? ಗೊತ್ತಿದ್ದವರು ಕೈ ಎತ್ತಿ.

(ನಾಲ್ಕು ಕೈ ಎದ್ದವು.)

ಇಷ್ಟು ಜನರಲ್ಲಿ ನಾಲ್ಕು ಕೈ. ಇವತ್ತು ನಾವು ಮಾತಾಡಬೇಕಾದ್ದು ಇದರ ಬಗ್ಗೆಯೇ. ನಮಗೆ ದೂರದ ಸರ್ಕಾರ ಗೊತ್ತು. ಪಕ್ಕದ ಬೀದಿಯಲ್ಲಿರೋ ಸರ್ಕಾರ ಗೊತ್ತಿಲ್ಲ. ಆದರೆ ನಮ್ಮ ಕೇರಿಯ ಮೇಲೆ ದಿನಾ ಬೆಳಗಾದರೆ ಕೈಯಾಡಿಸೋದು ಆ ಪಕ್ಕದ ಸರ್ಕಾರವೇ.

ಕೇರಿಯಲ್ಲಿ ಕೂಸು ಹುಟ್ಟಿದರೆ ಜನನ ಪತ್ರ ಕೊಡೋದು ನಗರಸಭೆ. ಬೀದಿನಲ್ಲಿಗೆ ನೀರು ಬಿಡೋದು ನಗರಸಭೆ, ಬಿಡದೆ ಇರೋದೂ ನಗರಸಭೆ. ಮನೆಗೆ ಖಾತೆ ಮಾಡಿಕೊಡೋದು ಅದೇ. ಖಾತೆ ಇಲ್ಲ, ಜಾಗ ಖಾಲಿ ಮಾಡಿ ಅಂತ ನೋಟೀಸು ಅಂಟಿಸೋದೂ ಅದೇ. ಬೆಳಕು ಹರಿಯೋ ಮುಂಚೆ ನಮ್ಮ ಅವ್ವಂದಿರು ಪೊರಕೆ ಹಿಡಿದು ಹಾಜರಿ ಹಾಕೋದು ಅಲ್ಲಿ. ಕೊನೆಗೆ ಸತ್ತಾಗ ಹೂಳೋಕೆ ಜಾಗ ಬೇಕು ಅಂದರೂ ಅದರ ಬಾಗಿಲಿಗೇ ಹೋಗಬೇಕು. ಸಂವಿಧಾನದ 12ನೇ ಅನುಸೂಚಿಯಲ್ಲಿ ಪೌರಸಂಸ್ಥೆಗಳಿಗೆ ವಹಿಸಬಹುದಾದ 18 ಕೆಲಸಗಳ ಪಟ್ಟಿ ಇದೆ. ನೀರು, ನೈರ್ಮಲ್ಯ, ಕೊಳೆಗೇರಿ ಸುಧಾರಣೆ, ನಗರ ಬಡತನ ನಿವಾರಣೆ, ಸ್ಮಶಾನ, ದುರ್ಬಲ ವರ್ಗದವರ ಹಿತರಕ್ಷಣೆ, ಎಲ್ಲ ಅದರಲ್ಲಿದೆ. ಓದಿ ನೋಡಿ. ಅದು ನಮ್ಮ ಕೇರಿಯ ಅಹವಾಲಿನ ಪಟ್ಟಿ ಇದ್ದ ಹಾಗೇ ಇದೆ.

ಪುರಸಭೆ ಅನ್ನೋದು ನಮ್ಮ ಹೋರಾಟಕ್ಕೆ ಹೊಸ ವಿಷಯ ಅಲ್ಲ. ಮಹಾಡ್ ಅಂದ ಕೂಡಲೆ ನಮಗೆ ಚವದಾರ್ ಕೆರೆ ಕಣ್ಣಮುಂದೆ ಬರುತ್ತೆ. ಆ ಕೆರೆ ಯಾರದಾಗಿತ್ತು? ಕೊಂಕಣದ ಒಂದು ಸಣ್ಣ ಊರಿನ ಪುರಸಭೆಯದು. ಆ ಕಥೆಯನ್ನ ಪುರಸಭೆಯ ಕಡೆಯಿಂದ ಒಂದು ಸಲ ನೋಡೋಣ.

1923ರಲ್ಲಿ ಎಸ್. ಕೆ. ಬೋಲೆಯವರು ಬೊಂಬಾಯಿ ಶಾಸನಸಭೆಯಲ್ಲಿ ಒಂದು ಗೊತ್ತುವಳಿ ತಂದರು. ಸಾರ್ವಜನಿಕ ಹಣದಲ್ಲಿ ನಡೆಯುವ ಕೆರೆ, ಬಾವಿ, ಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. 1924ರಲ್ಲಿ ಮಹಾಡ್ ಪುರಸಭೆ ತನ್ನ ಕೆರೆಯನ್ನ ಎಲ್ಲರಿಗೂ ತೆರೆದು ಠರಾವು ಮಾಡಿತು. ಕಾಗದದ ಮೇಲೆ ಕೆರೆ ನಮ್ಮದಾಯಿತು. ಮೂರು ವರ್ಷ ಕಳೀತು, ಒಬ್ಬ ಅಸ್ಪೃಶ್ಯನೂ ಅಲ್ಲಿ ನೀರು ಮುಟ್ಟಲು ಆಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ಆ ನೀರನ್ನ ಕುಡಿದರು. ಪುರಸಭೆಯ ಅಧ್ಯಕ್ಷರಾಗಿದ್ದ ಸುರೇಂದ್ರನಾಥ ಟಿಪ್ನೀಸರು ಅವರ ಜೊತೆಗಿದ್ದರು. ಆಮೇಲೆ ಆದದ್ದು ನಿಮಗೆ ಗೊತ್ತು. ಊರಿನ ಸವರ್ಣೀಯರು ನಮ್ಮವರ ಮೇಲೆ ಬಿದ್ದು ಹೊಡೆದರು. ಸಗಣಿ, ಗಂಜಲ ಸುರಿದು ಕೆರೆಯನ್ನ 'ಶುದ್ಧ' ಮಾಡಿದರು. ಅದೇ ವರ್ಷ ಆಗಸ್ಟ್ 4ರಂದು ಪುರಸಭೆ ಸಭೆ ಸೇರಿ ತನ್ನ ಠರಾವನ್ನ ತಾನೇ ವಾಪಸು ತಗೊಂಡಿತು. ಕೊನೆಗೆ ಬೊಂಬಾಯಿ ಹೈಕೋರ್ಟು ನಮ್ಮ ಪರ ತೀರ್ಪು ಕೊಟ್ಟದ್ದು 1937ರಲ್ಲಿ. ನೀರು ಕುಡಿದು ಹತ್ತು ವರ್ಷ ಆದ ಮೇಲೆ.

ಈ ಕಥೆಯಲ್ಲಿ ನಮಗೆ ಎರಡು ಪಾಠ ಇವೆ. ಠರಾವು ಒಂದೇ ಇದ್ದರೆ ನೀರು ಬರಲ್ಲ, ನಡೆದು ಹೋಗಬೇಕು. ಇದನ್ನ ನಾವು ಎಲ್ಲ ಸಭೆಯಲ್ಲೂ ಹೇಳ್ತೀವಿ. ಇನ್ನೊಂದು ಪಾಠ ಹೇಳೋದು ಕಡಿಮೆ. ನಾವು ನಡೆದು ಹೋಗಿ ಗಳಿಸಿದ್ದನ್ನ ಒಂದು ಮಧ್ಯಾಹ್ನ ಕೆಲವು ಜನ ಸಭೆಯಲ್ಲಿ ಕೂತು, ಕೈ ಎತ್ತಿ, ಕಸಿದುಕೊಳ್ಳಬಲ್ಲರು. ಆ ಸಭೆಯಲ್ಲಿ ಕೂತವರನ್ನ ಯಾರು ಕಳಿಸಿದರು, ಅವರು ಯಾರಿಗೆ ಹೆದರುತ್ತಾರೆ? ಪ್ರಶ್ನೆ ಅದು.

ಸಭೆಯಲ್ಲಿ ಒಬ್ಬನೇ ಇದ್ದರೂ ಏನು ಮಾಡಬಹುದು ಅಂತ ಮಹಾತ್ಮ ಫುಲೆ ತೋರಿಸಿದ್ದಾರೆ. 1876ರಿಂದ ಕೆಲವು ವರ್ಷ ಅವರು ಪುಣೆ ಪುರಸಭೆಯ ಸದಸ್ಯರಾಗಿದ್ದರು. ಚುನಾಯಿತರಲ್ಲ, ನಾಮಕರಣ ಆದವರು. ವೈಸರಾಯ್ ಲಿಟ್ಟನ್ ಬರ್ತಾನೆ, ಊರು ಸಿಂಗಾರ ಮಾಡೋಣ ಅಂತ ಪುರಸಭೆ ದುಡ್ಡು ತೆಗೆಯಹೊರಟಾಗ ಫುಲೆಯವರು ಬೇಡ ಅಂದರು. ಬಡವರ ಓದಿಗೆ ಖರ್ಚು ಮಾಡಿ ಅಂದರು. ಸರ್ಕಾರವೇ ಕೂರಿಸಿದ ಕುರ್ಚಿ ಅದು. ಅದರಲ್ಲಿ ಕೂತೇ ಸರ್ಕಾರದ ದೊರೆಯ ಮೆರವಣಿಗೆಗೆ ಅಡ್ಡ ನಿಂತರು. ನಮಗೆ ಬೇಕಾದ ಕೌನ್ಸಿಲರ್ ಅಂಥವರು.

ಈಗ ನಮ್ಮ ಕಾಲಕ್ಕೆ ಬರೋಣ.

1993ರ ಜೂನ್ 1ರಿಂದ ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂತು. ಐದು ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕು ಅಂತಾಯಿತು. ಜನಸಂಖ್ಯೆಗೆ ತಕ್ಕಷ್ಟು ಸ್ಥಾನ ಪರಿಶಿಷ್ಟ ಜಾತಿ, ಪಂಗಡಕ್ಕೆ ಮೀಸಲಾಯಿತು. ಮಹಿಳೆಯರಿಗೆ ಮೂರರಲ್ಲಿ ಒಂದು ಪಾಲು ಅಂತ ಸಂವಿಧಾನ ಹೇಳಿದರೆ ಕರ್ನಾಟಕ ಅದನ್ನ ಆಮೇಲೆ ಅರ್ಧಕ್ಕೆ ಏರಿಸಿತು. ಅಧ್ಯಕ್ಷ, ಮೇಯರ್ ಪದವಿಗಳೂ ಮೀಸಲಾತಿಗೆ ಬಂದವು. ಹಿಂದೆ ನಗರಸಭೆ ಮೆಟ್ಟಿಲು ಗುಡಿಸುತ್ತಿದ್ದವರ ಮನೆ ಹೆಣ್ಣುಮಗಳು ಇವತ್ತು ಅದೇ ಮೆಟ್ಟಿಲು ಹತ್ತಿ ಅಧ್ಯಕ್ಷರ ಕುರ್ಚಿಯಲ್ಲಿ ಕೂರಬಹುದು. ಇದು ಸಣ್ಣ ಮಾತಲ್ಲ. ಬಾಬಾಸಾಹೇಬರ ಸಂವಿಧಾನ ಇಲ್ಲದಿದ್ದರೆ ಯಾವ ಪುಢಾರಿಯೂ ಕರೆದು ಕೂರಿಸುತ್ತಿರಲಿಲ್ಲ.

ಆದರೆ ಕುರ್ಚಿ ಬಂದ ಕಡೆಗೆಲ್ಲ ಪೆನ್ನು ಬಂತಾ? ಅದನ್ನ ನೋಡಬೇಕು.

ಮೀಸಲು ವಾರ್ಡು ಪ್ರಕಟ ಆದ ದಿನ ಏನು ನಡೆಯುತ್ತೆ ನೋಡಿ. ಊರಿನ ದೊಡ್ಡ ಕಂತ್ರಾಟುದಾರ, ಲೇಔಟು ಮಾಡೋ ಸಾಹುಕಾರ ಅವತ್ತು ರಾತ್ರಿ ನಿದ್ದೆ ಮಾಡಲ್ಲ. ತನ್ನ ಲಾರಿ ಓಡಿಸುವವನು ಯಾವ ಜಾತಿ, ತೋಟ ಕಾಯುವವನ ಹೆಂಡತಿಗೆ ಸಹಿ ಹಾಕೋಕೆ ಬರುತ್ತಾ ಅಂತ ಹುಡುಕ್ತಾನೆ. ಬಾಯಿ ಇರೋ ಹುಡುಗ ಬೇಡ, ಸಂಘಟನೆಯವನು ಬೇಡ, 'ನಮ್ಮ ಮಾತು ಕೇಳೋನು' ಬೇಕು. ಠೇವಣಿ ಅವನೇ ಕಟ್ಟುತ್ತಾನೆ, ಕರಪತ್ರ ಅವನೇ ಅಚ್ಚು ಹಾಕಿಸುತ್ತಾನೆ. ಗೆದ್ದ ಮೇಲೆ ಸಹಿ ಮಾತ್ರ ನಮ್ಮವರದು.

ಹೀಗಾಗೋಕೆ ಒಂದು ಹಳೇ ಕಾರಣ ಇದೆ. ನಮ್ಮ ಪ್ರತಿನಿಧಿಯನ್ನ ನಾವೇ ಆರಿಸುವ ಪ್ರತ್ಯೇಕ ಮತಕ್ಷೇತ್ರವನ್ನ ಬಾಬಾಸಾಹೇಬರು ಪಡೆದಿದ್ದರು. 1932ರ ಪೂನಾ ಒಪ್ಪಂದದಲ್ಲಿ ಅದು ಹೋಯಿತು, ಬದಲಿಗೆ ಮೀಸಲು ಸ್ಥಾನ ಬಂತು. ಮೀಸಲು ಸ್ಥಾನ ಅಂದರೆ ನಿಲ್ಲುವವರು ನಾವು, ಓಟು ಹಾಕುವವರು ಎಲ್ಲರೂ. ವಾರ್ಡಿನಲ್ಲಿ ನಮ್ಮ ಮನೆ ಇನ್ನೂರು, ಉಳಿದವರ ಮನೆ ಆರುನೂರು ಇದ್ದರೆ, ನಮ್ಮ ಪರ ಗಟ್ಟಿಯಾಗಿ ಮಾತಾಡುವವನು ಆ ಆರುನೂರು ಮನೆಗೆ ಹಿಡಿಸುತ್ತಾನಾ? ಅದಕ್ಕೇ ತಲೆ ಬಗ್ಗಿಸಿದವನಿಗೆ ಟಿಕೆಟ್ಟು.

ಇನ್ನು ಪ್ರಚಾರದ ಆ ಹದಿನೈದು ದಿನ. ಐದು ವರ್ಷ ಚರಂಡಿ ದಾಟಿ ಒಳಕ್ಕೆ ಬರದ ಕಾಲುಗಳು ಕೇರಿಗೆ ಬರ್ತವೆ. 'ಏನಜ್ಜಿ, ಚೆನ್ನಾಗಿದೀಯಾ' ಅಂತಾವೆ. ಕೆಲವರು ನಮ್ಮ ಮನೆಯಲ್ಲಿ ಕೂತು ಟೀ ಕುಡಿದು ಫೋಟೋ ತೆಗೆಸಿಕೊಳ್ತಾರೆ. ಕೊನೇ ಎರಡು ರಾತ್ರಿ ಬೀದಿ ದೀಪ ಆರುತ್ತೆ. ಸೀರೆ, ಕುಕ್ಕರ್, ಕವರು, ಹೆಂಡ. ದೇವರ ಫೋಟೋ ಮುಟ್ಟಿಸಿ, ಕೈಗೆ ಅರಿಶಿನ ಕೊಟ್ಟು ಆಣೆ. ನಮ್ಮ ಮುಗ್ಧ ತಾಯಂದಿರು ದುಡ್ಡಿಗೆ ಹೆದರಲ್ಲ, ಆಣೆಗೆ ಹೆದರುತ್ತಾರೆ. ಅವರಿಗೆ ಹೇಳಬೇಕಾದವರು ನಾವು: ಅವ್ವಾ, ಕಳ್ಳ ಇಡಿಸಿದ ಆಣೆಗೆ ಯಾವ ದೇವರೂ ಸಾಕ್ಷಿ ನಿಲ್ಲಲ್ಲ.

ಇನ್ನೊಂದು ಆಟ ಇದೆ. ಎಡಗೈಯವರ ಬೀದಿಗೆ ಹೋಗಿ ಬಲಗೈಯವರ ಮೇಲೆ ಚಾಡಿ, ಬಲಗೈಯವರ ಬೀದಿಗೆ ಹೋಗಿ ಎಡಗೈಯವರ ಮೇಲೆ ಚಾಡಿ. ಭೋವಿ, ಲಂಬಾಣಿ ತಾಂಡಾಗಳಿಗೆ ಬೇರೆಯೇ ಚಾಡಿ. ನಮ್ಮ ನಮ್ಮೊಳಗೆ ಅನ್ಯಾಯದ ಪ್ರಶ್ನೆಗಳು ಇವೆ, ಅವನ್ನ ಮುಚ್ಚಿಡಬಾರದು, ಕೂತು ಮಾತಾಡಬೇಕು. ಆದರೆ ಓಟಿನ ಹಿಂದಿನ ರಾತ್ರಿ ಪುಢಾರಿಯ ಕಾರಿನಲ್ಲಿ ಕೂತು ಮಾತಾಡೋದಲ್ಲ.

ಈ ಹದಿನೈದು ದಿನದಲ್ಲಿ ನಮ್ಮ ಹಾಸ್ಟೆಲ್ ಹುಡುಗರಿಗೆ ಏನು ಕೆಲಸ? ಬಾವುಟ ಹಿಡಿಯೋದು, ಬೈಕಿಗೆ ಪೆಟ್ರೋಲು ಹಾಕಿಸಿಕೊಂಡು ಜೈಕಾರ ಕೂಗೋದು, ಬಿರಿಯಾನಿ ಪೊಟ್ಟಣ. ಬಿ.ಎ. ಓದಿದ ಹುಡುಗ, ಕೌಟಿಲ್ಯನಿಂದ ಮಾರ್ಕ್ಸ್‌ವರೆಗೆ ರಾಜ್ಯಶಾಸ್ತ್ರದ ಪರೀಕ್ಷೆ ಬರೆದವನು, ಬಾವುಟದ ಕೋಲು ಹಿಡಿದು ಬಿಸಿಲಲ್ಲಿ ನಡೀತಾನೆ. ಅವನ ಹೆಸರು ಕೂಡ ಪುಢಾರಿಗೆ ಗೊತ್ತಿರಲ್ಲ, 'ಏ ಹಾಸ್ಟೆಲ್ ಹುಡುಗ್ರೇ' ಅಂತಾನೆ.

ಈಗ ಒಂದು ಲೆಕ್ಕ ಮಾಡೋಣ. ಕರ್ನಾಟಕದಲ್ಲಿ 50 ಸಾವಿರದಿಂದ 3 ಲಕ್ಷದವರೆಗೆ ಜನ ಇರುವ ಊರಿಗೆ ನಗರಸಭೆ. 50 ಸಾವಿರ ಜನರ ಊರು, 31 ವಾರ್ಡು ಅಂತ ಇಟ್ಟುಕೊಳ್ಳಿ. ಒಂದು ವಾರ್ಡಿಗೆ ಸುಮಾರು 1,600 ಜನ. ಮಕ್ಕಳನ್ನ ಬಿಟ್ಟು, ಓಟು ಹಾಕದವರನ್ನ ಬಿಟ್ಟು ಎಣಿಸಿದರೆ ಪೆಟ್ಟಿಗೆಗೆ ಬೀಳೋದು ಸಾವಿರದ ಆಸುಪಾಸು. ಮೂರು ಜನ ನಿಂತರೆ ನಾನೂರು ಓಟು ಪಡೆದವನು ಗೆಲ್ಲಬಹುದು. ಈ ಹಾಸ್ಟೆಲಿನಲ್ಲಿ 18 ತುಂಬಿದ ನೂರು ಜನ ಇದ್ದರೆ? ಒಂದು ವಾರ್ಡಿನ ತೀರ್ಪು ಈ ಕಟ್ಟಡದ ಒಳಗೇ ಇದೆ! ಎಂ.ಪಿ. ಚುನಾವಣೆಯಲ್ಲಿ ನೂರು ಓಟು ಸಮುದ್ರಕ್ಕೆ ಬಿದ್ದ ಹನಿ. ಇಲ್ಲಿ ನೂರು ಓಟು ಅಂದರೆ ಕೆರೆ ತೂಬು.

ಹಾಸ್ಟೆಲಿನಲ್ಲಿ ಓದುವವರು ತಾವು ವಾಸ ಇರುವ ಹಾಸ್ಟೆಲಿನ ವಿಳಾಸದಲ್ಲೇ ಮತದಾರರ ಪಟ್ಟಿಗೆ ಸೇರಬಹುದು. ನಮೂನೆ 6 ತುಂಬಿ, ಇಲ್ಲಿ ಓದುತ್ತಿದ್ದಾರೆ ಅಂತ ಕಾಲೇಜಿನ ಮುಖ್ಯಸ್ಥರ ದೃಢೀಕರಣ ಕೊಡಬೇಕು. ಒಂದೋ ಊರಲ್ಲಿ, ಒಂದೋ ಇಲ್ಲಿ. ಎರಡೂ ಕಡೆ ಇಡೋದನ್ನ ಕಾನೂನು ಒಪ್ಪಲ್ಲ, ನಾವೂ ಒಪ್ಪಬಾರದು. ಎಲ್ಲಿ ಓಟು ಇಟ್ಟರೆ ನಮ್ಮ ಜನಕ್ಕೆ ಉಪಯೋಗ ಅಂತ ಯೋಚನೆ ಮಾಡಿ ತೀರ್ಮಾನಿಸಿ. ಇನ್ನೊಂದು ಮಾತು. ಶಾಸಕನಾಗಲು 25 ವರ್ಷ ಆಗಿರಬೇಕು. ನಗರಸಭೆಗೆ ನಿಲ್ಲಲು 21 ಸಾಕು. ಇಲ್ಲಿ ಎಂ.ಎ. ಓದುತ್ತಿರುವ ಅಕ್ಕಂದಿರು, ಅಣ್ಣಂದಿರು ನಾಮಪತ್ರ ಹಾಕಬಹುದು. ಪುಢಾರಿ ತನ್ನ ಮನೆ ಆಳನ್ನ ಹುಡುಕೋ ಹೊತ್ತಿಗೆ ನಮ್ಮವರ ಹೆಸರು ನಾವೇ ಗೊತ್ತುಮಾಡಿರಬೇಕು.

ಗೆದ್ದ ಮೇಲೆ ಏನಾಗುತ್ತೆ? ನಮ್ಮಲ್ಲಿ ಮೇಯರನ್ನ, ಅಧ್ಯಕ್ಷರನ್ನ ಜನ ನೇರ ಆರಿಸೋದಿಲ್ಲ. ಸದಸ್ಯರು ಆರಿಸ್ತಾರೆ, ಜೊತೆಗೆ ಶಾಸಕ, ಸಂಸದರ ಓಟು. 31 ಸದಸ್ಯರು, ಒಬ್ಬ ಶಾಸಕ, ಒಬ್ಬ ಸಂಸದ ಸೇರಿದರೆ 33. ಹದಿನೇಳು ಕೈ ಎದ್ದರೆ ಅಧ್ಯಕ್ಷ. ಆ ಹದಿನೇಳು ಕೈ ಕೂಡಿಸಲು ಸದಸ್ಯರನ್ನ ಬಸ್ಸಿಗೆ ತುಂಬಿ ರೆಸಾರ್ಟಿಗೆ ಒಯ್ಯುತ್ತಾರೆ. ಓಟು ಹಾಕಿದ ಜನಕ್ಕೆ ತಮ್ಮ ಸದಸ್ಯ ಎಲ್ಲಿದ್ದಾನೆ ಅಂತಲೇ ಗೊತ್ತಿರಲ್ಲ. ಪಕ್ಷ ಬಿಟ್ಟವರ ಸದಸ್ಯತ್ವ ಹೋಗಲಿ ಅಂತ 1987ರಲ್ಲಿ ಸ್ಥಳೀಯ ಸಂಸ್ಥೆಗಳಿಗೂ ಪಕ್ಷಾಂತರ ನಿಷೇಧ ಕಾಯ್ದೆ ಬಂತು. ಅದರಿಂದ ಪಕ್ಷದ ವಿಪ್ಪಿಗೆ ಬಲ ಬಂತು. ಕೇರಿಯ ವಿಪ್ಪಿಗೆ ಯಾವ ಕಾಯ್ದೆ ಇದೆ?

ಮೇಯರ್ ಪದವಿಗೆ 1976ರ ಪಾಲಿಕೆ ಕಾಯ್ದೆ ಇಟ್ಟದ್ದು ಒಂದೇ ವರ್ಷ. ನಮ್ಮವರಿಗೆ ಸರದಿ ಬಂದಾಗ ಹಾರ, ತುರಾಯಿ, ಕಾರು ಎಲ್ಲ ಸಿಗುತ್ತೆ. ಕಡತ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತೆ ಅಂತ ತಿಳಿಯೋ ಹೊತ್ತಿಗೆ ವರ್ಷ ಮುಗಿದಿರುತ್ತೆ. ಅಧಿಕಾರ ಆಯುಕ್ತರ ಕೈಲಿ, ಆಯುಕ್ತರು ಬೆಂಗಳೂರಿನ ಕೈಲಿ.

ಅದೂ ಸಿಗದ ವರ್ಷಗಳಿವೆ. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ಊರುಗಳಲ್ಲಿ ಜನ ಓಟು ಹಾಕಿದರು. ಅಧ್ಯಕ್ಷರ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು. ಅಲ್ಲಿ ಅಧ್ಯಕ್ಷರ ಆಯ್ಕೆ ನಡೆದದ್ದು 2020ರ ಕೊನೆಯಲ್ಲಿ. ಎರಡು ವರ್ಷ ಗೆದ್ದವರು ಮನೆಯಲ್ಲಿ, ಆಡಳಿತ ಅಧಿಕಾರಿಗಳ ಕೈಯಲ್ಲಿ. ಅದೇ ದಿನ ಓಟು ನಡೆದ ಮೈಸೂರು ಪಾಲಿಕೆಯ ಅವಧಿ 2023ರ ನವೆಂಬರಿನಲ್ಲಿ ಮುಗೀತು. 2024 ಇಡೀ ವರ್ಷ ಅಲ್ಲಿ ಮೇಯರ್ ಇಲ್ಲ, ಸದಸ್ಯರಿಲ್ಲ, ಆಡಳಿತಾಧಿಕಾರಿ. ಐದು ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕು ಅಂತ ಸಂವಿಧಾನದಲ್ಲಿ ಬರೆದದ್ದು ಯಾರಿಗೆ? ಸಾಹುಕಾರನಿಗೆ ಇದರಿಂದ ತೊಂದರೆ ಇಲ್ಲ, ಅವನು ಅಧಿಕಾರಿಯ ಬಾಗಿಲು ನೇರ ತಟ್ಟುತ್ತಾನೆ. ನಲ್ಲಿಯಲ್ಲಿ ನೀರು ಬರದ ಅವ್ವ ಯಾರ ಬಾಗಿಲು ತಟ್ಟಬೇಕು?

ಗೆಳೆಯರೇ, ಯಾವ ಪ್ರಚಾರ ಸಭೆಯಲ್ಲೂ ಏಳದ ಪ್ರಶ್ನೆ ಒಂದಿದೆ. ಪೊರಕೆಯ ಪ್ರಶ್ನೆ. ಊರು ಗುಡಿಸುವವರು ನಾವು. ಮ್ಯಾನ್‌ಹೋಲಿಗೆ ಇಳಿದವರು ನಾವು. 1970ರ ದಶಕದ ಆರಂಭದಲ್ಲಿ ಬಿ. ಬಸವಲಿಂಗಪ್ಪನವರು ಪೌರಾಡಳಿತ ಸಚಿವರಾಗಿ ತಲೆ ಮೇಲೆ ಮಲ ಹೊರುವುದನ್ನ ನಿಷೇಧಿಸಿದರು. 1993ರಲ್ಲಿ ದೇಶಕ್ಕೆ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು ಕಾಯ್ದೆ ಬಂತು. ಆದರೂ ಗುಂಡಿಯಲ್ಲಿ ಉಸಿರುಗಟ್ಟಿ ಸಾಯೋದು ನಿಲ್ಲಲಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟು ಹೀಗೆ ಸತ್ತವರ ಮನೆಗೆ 10 ಲಕ್ಷ ಕೊಡಿ ಅಂದಿತು, 2023ರಲ್ಲಿ ಅದನ್ನ 30 ಲಕ್ಷ ಮಾಡಿತು. ಸಾವಿನ ಬೆಲೆ ಏರಿತು. ಗುಂಡಿಗೆ ಇಳಿಸಿದವನ ಟೆಂಡರು ಯಾವ ಸಭೆಯಲ್ಲಿ ಪಾಸಾಯಿತು, ಯಾರು ಕೈ ಎತ್ತಿದರು ಅಂತ ಯಾರೂ ಕೇಳಲಿಲ್ಲ.

2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದ ನಮ್ಮ ಬಂಧುಗಳು ಪುರಸಭೆ ಕಚೇರಿಯ ಮುಂದೆ ಮಲವನ್ನ ಮೈಮೇಲೆ ಸುರಿದುಕೊಂಡರು. ತಲೆಮಾರಿನಿಂದ ಅವರಿದ್ದ ಜಾಗ ಖಾಲಿ ಮಾಡಿಸಿ ಅಂಗಡಿ ಸಂಕೀರ್ಣ ಕಟ್ಟಲು ಪುರಸಭೆ ಹೊರಟಿತ್ತು. ಊರಿನ ಮಲ ಹೊತ್ತವರು ಅದೇ ಮಲವನ್ನ ತಮ್ಮ ಮೇಲೆ ಸುರಿದುಕೊಂಡು ಊರಿಗೆ ಮುಖ ತೋರಿಸಬೇಕಾಯಿತು. ರಾಜ್ಯವೆಲ್ಲ ಬೆಚ್ಚಿತು. ನಾವು ಕವಿತೆ ಬರೆಯುವವರು, ಆ ದೃಶ್ಯಕ್ಕೆ ನಮ್ಮ ಯಾವ ಉಪಮೆಯೂ ಸಾಲಲ್ಲ. ಆದರೆ ಒಂದು ಕೇಳ್ತೀವಿ. ಜಾಗ ಖಾಲಿ ಮಾಡಿಸುವ ಮಾತು ಮೊದಲು ಎದ್ದ ದಿನವೇ 'ಆಗಲ್ಲ' ಅನ್ನುವ ಗಟ್ಟಿ ದನಿ ಅಲ್ಲಿ ಇದ್ದಿದ್ದರೆ?

ಸಂಘಟನೆ ಇದ್ದರೆ ಆಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. 2022ರ ಜುಲೈಯಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರ ಕೂತರು. ನಾಲ್ಕೇ ದಿನದಲ್ಲಿ ಊರುಗಳು ನಾರಿದವು. ಹಂತ ಹಂತವಾಗಿ ಖಾಯಂ ಮಾಡ್ತೀವಿ ಅಂತ ಸರ್ಕಾರ ಒಪ್ಪಬೇಕಾಯಿತು. ಆ ತಾಯಂದಿರು ನಮಗೆ ಪಾಠ ಹೇಳಿದರು.

ಕೊನೆಯದಾಗಿ ದುಡ್ಡಿನ ಮಾತು. ಪೌರಸಂಸ್ಥೆಗಳು ತಮ್ಮ ನಿಧಿಯಲ್ಲಿ ಪರಿಶಿಷ್ಟ ಜಾತಿ, ಪಂಗಡದ ಏಳಿಗೆಗೆ ಪಾಲು ತೆಗೆದಿಡಬೇಕು ಅಂತ ಸರ್ಕಾರದ ಆದೇಶ ಇದೆ. ಅದು ಶೇ. 18 ಇತ್ತು, ಆಮೇಲೆ 22.75 ಆಯಿತು, ಆಮೇಲೆ 24.10. ಅಂದರೆ ನೂರು ರೂಪಾಯಿಯಲ್ಲಿ 24 ರೂಪಾಯಿ ಮೇಲೆ ಹತ್ತು ಪೈಸೆ ನಮ್ಮದು. ಓದುವ ಮಕ್ಕಳಿಗೆ ಸಹಾಯಧನ, ಕೇರಿಗೆ ನೀರು, ಚರಂಡಿ, ಮನೆ ದುರಸ್ತಿ ಇದರಲ್ಲಿ ಬರಬೇಕು. ಈ ದುಡ್ಡು ಕೇರಿಗೆ ಬಂತಾ, ಅಥವಾ ಕೇರಿಯ ಹೆಸರಲ್ಲಿ ಮುಖ್ಯರಸ್ತೆಯ ಡಾಂಬರಾಯಿತಾ? ಕೇಳಬೇಕಾದವರು ಇಲ್ಲೇ ಕೂತಿದ್ದೀರಿ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 2005ರ ಕಾಯ್ದೆ ಪ್ರಕಾರ 30 ದಿನದಲ್ಲಿ ಉತ್ತರ ಕೊಡಬೇಕು. ಸಭೆಯ ನಡಾವಳಿ, ಬಜೆಟ್ಟು, 24.10ರ ಕ್ರಿಯಾಯೋಜನೆ, ಮೂರೂ ಕೇಳಿ. ಬಂದದ್ದನ್ನ ಕೇರಿಯಲ್ಲಿ ದೀಪದ ಕೆಳಗೆ ಕೂತು ಗಟ್ಟಿಯಾಗಿ ಓದಿ. ಅದಕ್ಕಿಂತ ದೊಡ್ಡ ಪ್ರಚಾರ ಭಾಷಣ ಇಲ್ಲ.

ಆದ್ದರಿಂದ ಈ ಸಲ ಪ್ರಚಾರದ ವೇದಿಕೆ ನಾವು ಹಾಕೋಣ. ಅಭ್ಯರ್ಥಿಗಳು ಕೇರಿಗೆ ಬಂದು ಮಾತಾಡಿ ಹೋಗೋದು ಬೇಡ, ಎಲ್ಲರನ್ನೂ ಒಂದೇ ದಿನ ಕರೆದು ಒಂದೇ ಚಾಪೆ ಮೇಲೆ ಕೂರಿಸಿ ಕೇಳೋಣ. ನೀರು ವಾರಕ್ಕೆ ಎಷ್ಟು ದಿನ? ಸ್ಮಶಾನದ ಜಾಗ ಯಾವ ಸರ್ವೆ ನಂಬರು? ಪೌರಕಾರ್ಮಿಕರ ಸಂಬಳ ಯಾವ ತಾರೀಕು? 24.10ರ ಲೆಕ್ಕ ಎಲ್ಲಿ? ಮೂರು ತಿಂಗಳಿಗೊಮ್ಮೆ ಕೇರಿಗೆ ಬಂದು ನಡಾವಳಿ ಓದಿ ಹೇಳ್ತೀರಾ? ಒಪ್ಪಿದವರು ಎಲ್ಲರ ಮುಂದೆ ಸಹಿ ಹಾಕಲಿ. ಆ ಕಾಗದವನ್ನ ಅಂಬೇಡ್ಕರ್ ಭವನದ ಗೋಡೆಗೆ ಅಂಟಿಸೋಣ, ಐದು ವರ್ಷ ಅಲ್ಲೇ ಇರಲಿ. ಗೆದ್ದ ನಮ್ಮ ಹೆಣ್ಣುಮಕ್ಕಳ ಬದಲು ಗಂಡಂದಿರು ಸಭೆಗೆ ಹೋದರೆ ಬಾಗಿಲಲ್ಲೇ ನಿಲ್ಲಿಸಿ ಕೇಳೋಣ. ಆ ತಾಯಿಗೆ ಬಜೆಟ್ಟು ಓದಲು ಬರದಿದ್ದರೆ ಪಕ್ಕ ಕೂತು ಓದಿ ಹೇಳಲು ಹಾಸ್ಟೆಲಿನ ಒಬ್ಬ ವಿದ್ಯಾರ್ಥಿನಿ ಇರಲಿ. ನಮ್ಮ ಓದು ಅಷ್ಟಕ್ಕಾದರೂ ಆಗಬೇಡವೇ?

ಮಹಾಡಿನಲ್ಲಿ ನಮ್ಮವರು ಕೆರೆಯವರೆಗೆ ನಡೆದರು. ಠರಾವು ಬರೆಯುವ ಕೋಣೆಯವರೆಗಿನ ದಾರಿ ನಮಗೆ ಉಳಿದಿದೆ. ಅದು ಈ ಹಾಸ್ಟೆಲಿನಿಂದ ಹತ್ತು ನಿಮಿಷದ ದಾರಿ. ನಾಳೆ ಬೆಳಿಗ್ಗೆ ಐದು ಜನ ನಗರಸಭೆಗೆ ಹೋಗಿ ಕಳೆದ ಮೂರು ಸಭೆಯ ನಡಾವಳಿಗೆ ಅರ್ಜಿ ಕೊಡಬೇಕು. ಯಾರು ಬರ್ತೀರಿ, ಈಗಲೇ ಹೆಸರು ಬರೆಸಿ.

ಜೈಭೀಮ್.